ಮಾಸ್ತರರದಲ್ಲದ ರಕ್ತ

ಗುಂಡಿಗಳ ಡಬ್ಬಿಯನ್ನು ಇನ್ಸ್‌ಪೆಕ್ಟರಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲು ಹಾಕಿದರು. ಕೋಟಿನ ಗುಂಡಿ, ಷರಟಿನ ಗುಂಡಿ, ಮಕ್ಕಳ ಅಂಗಿಯ ಬಾತುಕೋಳಿ ಗುಂಡಿ ಎಲ್ಲ ಗಲಗಲ ಉರುಳಿದವು. ನಡುವೆ ತೂತೇ ಇಲ್ಲದ ಗುಂಡಿಗಳೂ ಇದ್ದವು.

"ಇವನ್ನ ಯಾವ ಅಂಗಿಗೆ ಹೊಲೀತೀರಮ್ಮ?"

ಎದುರು ನಿಂತಿದ್ದ ಟೈಲರ್ ಮಾಸ್ತರರ ಸೊಸೆ ಬಗ್ಗಿ ಒಂದನ್ನು ಎತ್ತಿಕೊಂಡಳು. ಗುಲಾಬಿ ಬಣ್ಣದ ಲೇಪ ಅರ್ಧ ಕರಗಿ ಒಳಗಿನ ಬಿಳುಪು ಕಾಣುತ್ತಿತ್ತು. ಅವಳ ಮುಖ ಸಪ್ಪಗಾಯಿತು.

"ಮಾವನ ಕೊಲೆಸ್ಟ್ರಾಲ್ ಮಾತ್ರೆ ಇದು. ಇಲ್ಲಿಗೆ ಹೇಗೆ ಬಂತು?"

ಇದೇ ಮಾತ್ರೆಯನ್ನು ಕದ್ದುಮುಚ್ಚಿ ಹೆಚ್ಚು ಹೆಚ್ಚು ನುಂಗಿಸಿ ಟೈಲರ್ ಮಾಸ್ತರರನ್ನು ಹಾಸಿಗೆ ಹಿಡಿಸಿದಳೆಂದು ಮಾಸ್ತರರ ಸ್ವಂತ ಮಗಳು ಸೊಸೆಯ ಮೇಲೆ ಹೊರಿಸಿದ್ದಳು. ಅಂದಿನಿಂದ ಸೊಸೆಗೆ ಆಸ್ಪತ್ರೆಯ ವಾರ್ಡಿನ ಬಾಗಿಲು ಮುಚ್ಚಿತ್ತು.

ಇನ್ಸ್‌ಪೆಕ್ಟರಮ್ಮ ಕನ್ನಡಕ ಏರಿಸಿಕೊಂಡು ಮಾತ್ರೆಯನ್ನು ಬೆಳಕಿಗೆ ಹಿಡಿದರು. ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಕೆದಕುವ ಚಟ ಬಿಟ್ಟಿರಲಿಲ್ಲ. ಅವರಿಗೂ ಅದೇ ಮಾತ್ರೆಯಿತ್ತು. ದಿನವೂ ಅದಕ್ಕೆ ಶಾಪ ಹಾಕಿಯೇ ನುಂಗುತ್ತಿದ್ದರು.

"ಬಾಯಲ್ಲಿ ಇಟ್ಕೊಂಡು, ನೀನು ಆ ಕಡೆ ತಿರುಗಿದ ಕೂಡಲೇ ತೆಗೆದಿದಾರೆ," ಎಂದರು. "ಚಿಕ್ಕ ಮಕ್ಕಳ ಬುದ್ಧಿ. ಮಾತ್ರೆ ಶುರು ಆದ್ಮೇಲೆ ಮಾಸ್ತರು ಕಾಲು ನೋವು ಅಂತ ಏನಾದ್ರೂ ಅಂದಿದ್ರಾ?"

"ಮೀನಖಂಡ ಹಿಡ್ಕೊಳ್ಳುತ್ತೆ ಅಂತಿದ್ರು. ಮೆಷಿನ್ ತುಳಿಯೋಕೆ ಆಗ್ತಿಲ್ಲ ಅಂತಿದ್ರು. ಆಮೇಲೆ ತಾನಾಗೇ ಸರಿಹೋಯ್ತು." ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯಿತು. "ಬಿಟ್ಟಿದ್ದಕ್ಕೇ ಸರಿಹೋಯ್ತಾ?"

"ಈ ಮಾತ್ರೆ ಕೆಲವರಿಗೆ ಹಾಗೆ ಕಾಲು ಹಿಡಿಸುತ್ತೆ. ಟೈಲರಿಗೆ ಕಾಲು ಹೋದ್ರೆ ಇನ್ನೇನಿದೆ?"

"ನನಗೆ ಒಂದು ಮಾತು ಹೇಳ್ಬಹುದಿತ್ತಲ್ವಾ?" ಎಂದು ಸೊಸೆ ಗುಂಡಿಗಳನ್ನು ಒಟ್ಟುಗೂಡಿಸತೊಡಗಿದಳು. ಕೈ ಚಾಚಿದಾಗ ಕುಪ್ಪಸದ ತೋಳು ಸರಿದು, ಮೊಣಕೈಯ ಒಳಮಡಿಕೆಯಲ್ಲಿ ಹಳದಿಗೆ ತಿರುಗಿದ ಹಳೆಯ ಕಂದು ಕಲೆ ಕಾಣಿಸಿತು. ಇನ್ಸ್‌ಪೆಕ್ಟರಮ್ಮ ಅದನ್ನು ನೋಡಿದರು.

ಒಂದು ಮುಷ್ಟಿ ಮಾತ್ರೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವರು ಎದ್ದರು.

"ಮೇಡಂ," ಎಂದಳು ಸೊಸೆ. "ನನ್ನ ಮೇಲಿನ ಮಾತು ಹೋಗದಿದ್ರೂ ಪರವಾಗಿಲ್ಲ. ಒಂದೇ ಒಂದು ಸಲ ಅವರ ಹತ್ರ ಕೂರೋಕೆ ಬಿಡಿಸಿ."

ಇನ್ಸ್‌ಪೆಕ್ಟರಮ್ಮ ಕರವಸ್ತ್ರದ ಗಂಟನ್ನು ಬಿಗಿ ಮಾಡಿದರು. ಹೆಂಗಸರಿಗೆ ಪೊಲೀಸ್ ಉಡುಪು ಹೊಲಿಯಲು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಗಂಡಸರ ಅಳತೆಯ ಗೋಣಿಚೀಲದಂಥ ಅಂಗಿಯನ್ನು ಬಿಚ್ಚಿ ಹೊಲಿದು ಅವರ ಮೈಗೆ ಕೂರಿಸಿದವರು ಈ ಮಾಸ್ತರು. ಮೊದಲ ದಿನ ಠಾಣೆಯಲ್ಲಿ ಯಾರೂ ನಗದಂತೆ ಮಾಡಿದ ಮನುಷ್ಯನನ್ನು ಅವರು ಮರೆಯುವವರಲ್ಲ.

---

ವಾರ್ಡಿನ ಹೊರಗಿನ ಬೆಂಚಿನಲ್ಲಿ ಮಗಳು ಕಾವಲು ಕೂತಿದ್ದಳು. ಸೆಕೆಗೆ ಗೋಡೆಯೂ ಬೆವರುವಂತಿತ್ತು. ಅವಳು ಮಾತ್ರ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಕುರ್ತಾದಲ್ಲಿದ್ದಳು.

"ಅವಳ ಪರ ಮಾತಾಡೋಕೆ ಬಂದ್ರಾ?" ಎಂದಳು.

"ಅಪ್ಪನ ಮುಖ ನೋಡೋಕೆ ಬಂದೆ. ಊಟ ಮಾಡಿದ್ಯಾ ನೀನು?"

ಮಗಳು ಮುಖ ತಿರುಗಿಸಿದಳು. ಕಣ್ಣು ಬಾತಿದ್ದವು. ಅಪ್ಪನ ವಿಷಯದಲ್ಲಿ ಅವಳ ಸಂಕಟ ನಾಟಕವಲ್ಲವೆಂದು ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಿತ್ತು. ಈ ಪ್ರಕರಣದಲ್ಲಿ ಅವರ ತಲೆ ಕೆಡಿಸಿದ್ದು ಅದೇ. ದ್ವೇಷಕ್ಕೆ ಬೇರೆ ಮುಖವಿರುತ್ತದೆ. ಇಲ್ಲಿ ಎಲ್ಲರ ಮುಖದಲ್ಲೂ ಪ್ರೀತಿಯೇ ಕಾಣುತ್ತಿತ್ತು.

ಒಳಗೆ ಮಾಸ್ತರು ಕಣ್ಣು ಮುಚ್ಚಿ ಮಲಗಿದ್ದರು. ಮೈ ಹಳದಿಯಾಗಿತ್ತು. ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಸವರುತ್ತಿದ್ದವು.

"ಹೊಲಿಗೆ ಅಷ್ಟು ಕೆಟ್ಟದಾಗಿದ್ಯಾ?" ಎಂದು ಇನ್ಸ್‌ಪೆಕ್ಟರಮ್ಮ ಕಿವಿಯ ಹತ್ತಿರ ಕೇಳಿದರು.

"ದಾರ ಸಡಿಲ," ಎಂದರು ಮಾಸ್ತರು, ಕಣ್ಣು ತೆರೆಯದೆ.

ಇನ್ಸ್‌ಪೆಕ್ಟರಮ್ಮ ಒಂದು ಮಾತ್ರೆಯನ್ನು ಅವರ ಅಂಗೈಯಲ್ಲಿಟ್ಟರು. ಬೆರಳುಗಳು ಅದನ್ನು ಹೊರಳಿಸಿ ನೋಡಿ ಗುರುತು ಹಿಡಿದವು. ಸಿಕ್ಕಿಬಿದ್ದ ಹುಡುಗನ ನಗೆಯೊಂದು ತುಟಿಯಂಚಿನಲ್ಲಿ ಮೂಡಿತು.

"ಗುಬ್ಬಿಗೆ ಹೇಳ್ಬೇಡಿ. ಎಷ್ಟು ಅಕ್ಕರೆಯಿಂದ ನೀರು ತಂದು ಕೊಡ್ತಿತ್ತು. ಉಗಿದೆ ಅಂದ್ರೆ ನೊಂದ್ಕೊಳ್ಳುತ್ತೆ." ಸ್ವಲ್ಪ ಹೊತ್ತು ಉಸಿರಾಡಿದರು. "ಯಾಕೆ ಬರ್ತಿಲ್ಲ ಅದು?"

ಸೊಸೆಗೆ ಅವರಿಟ್ಟ ಹೆಸರು ಗುಬ್ಬಿ. ಇನ್ಸ್‌ಪೆಕ್ಟರಮ್ಮ ಅವರ ಕೈ ಹಿಡಿದುಕೊಂಡರು. ಉತ್ತರ ಕೇಳುವ ಮುಂಚೆಯೇ ಮಾಸ್ತರಿಗೆ ಮತ್ತೆ ಮಂಪರು ಕವಿದಿತ್ತು.

---

ವಾರ್ಡಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವನು. ನಿದ್ದೆಗೆಟ್ಟ ಕಣ್ಣು, ಕುರುಚಲು ಗಡ್ಡ. ಕರವಸ್ತ್ರದ ಗಂಟು ಬಿಚ್ಚಿದ್ದನ್ನು ನೋಡಿ ಅವನು ಒಂದು ಮಾತ್ರೆಯನ್ನು ಎತ್ತಿ ತಿರುಗಿಸಿದ.

"ಅಂದ್ರೆ ಇತ್ತೀಚೆಗೆ ಅವರು ಒಂದು ಮಾತ್ರೇನೂ ನುಂಗಿಲ್ಲ?"

"ಅವರ ಬಾಯಿಂದಲೇ ಕೇಳ್ಕೊಂಡು ಬಂದೆ. ಈಗ ಹೇಳಿ. ಮಾತ್ರೆ ಹೊಟ್ಟೆಗೆ ಹೋಗದೆ ನಿಮ್ಮ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಅರ್ಧಕ್ಕಿಂತ ಕೆಳಗೆ ಇಳಿದದ್ದು ಹೇಗೆ?"

"ಲಿವರ್ ಕೆಟ್ಟಿದೆ, ಕೊಲೆಸ್ಟ್ರಾಲ್ ಬಿದ್ದಿದೆ. ಆ ಮಾತ್ರೆ ವಿಪರೀತ ಆದ್ರೆ ಎರಡೂ ಆಗ್ಬಹುದು. ಅದಕ್ಕೇ ಮಗಳಿಗೆ ಹಾಗೆ ಅಂದಿದ್ದು ನಾನು." ಹಣೆ ಉಜ್ಜಿಕೊಂಡ. "ಮಾತ್ರೆ ಅಲ್ಲ ಅಂದ್ರೆ, ಇಷ್ಟು ಜ್ವರದಲ್ಲಿ ಮೊದಲು ನೆನಪಾಗೋದು ವೈರಸ್ಸೇ."

"ವೈರಸ್ಸಿಗೂ ಕೊಬ್ಬಿಗೂ ಏನಪ್ಪ ಸಂಬಂಧ? ನನಗೆ ತಿಳಿಯೋ ಹಾಗೆ ಹೇಳಿ."

"ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ತೆಳ್ಳನೆ ಪೊರೆ ಇದೆ. ಆ ಪೊರೆಯಲ್ಲಿ ಕೊಲೆಸ್ಟ್ರಾಲ್ ಇರ್ಲೇಬೇಕು, ಇಲ್ದಿದ್ರೆ ಪೊರೆ ನಿಲ್ಲಲ್ಲ. ಕೆಲವು ಕಡೆ ಅದು ಗುಂಪುಗೂಡಿರುತ್ತೆ. ಎಷ್ಟೋ ವೈರಸ್ಸುಗಳು ಹುಡುಕ್ಕೊಂಡು ಬಂದು ಒಳಗೆ ನುಗ್ಗೋದು ಆ ಜಾಗದಲ್ಲೇ. ಒಳಗೆ ಮರಿ ಹಾಕಿ ಹೊರಗೆ ಹೋಗುವಾಗ ಕೆಲವು ಜಾತಿಯವು ಆ ಪೊರೆಯ ತುಂಡನ್ನೇ ಹೊದ್ಕೊಂಡು ಹೋಗ್ತವೆ."

"ನಮ್ಮ ಬಟ್ಟೇನೇ ಕತ್ತರಿಸಿ ಕೋಟು ಹೊಲಿಸ್ಕೊಂಡ ಹಾಗೆ."

ಡಾಕ್ಟರ್ ನಕ್ಕ. "ಮಾಸ್ತರಿಗೆ ಹೇಳಿದ್ರೆ ಹೀಗೇ ಹೇಳ್ತಿದ್ರು. ಇನ್ನು ರಕ್ತದ ಕೊಲೆಸ್ಟ್ರಾಲು. ಸೋಂಕು ಜೋರಾದಾಗ ಮೈಯೆಲ್ಲ ಉರಿ ಹತ್ತಿ ಲಿವರ್ ಸೋಲುತ್ತೆ, ಆಗ ರಕ್ತದಲ್ಲಿ ಅದು ಇಳಿಯುತ್ತೆ. ಇಳಿದಷ್ಟೂ ರೋಗಿ ಕಷ್ಟದಲ್ಲಿದಾನೆ ಅಂತ ಲೆಕ್ಕ."

"ಹಾಗಾದ್ರೆ ಮಾತ್ರೆ ತಿಂದು ಇಳಿಸಿದ್ರೆ ವೈರಸ್ ಓಡಿಹೋಗುತ್ತಾ?"

"ಅಷ್ಟು ಸುಲಭ ಇದ್ದಿದ್ರೆ ನಾನು ಮನೆಗೆ ಹೋಗಿ ಮಲಗ್ತಿದ್ದೆ. ಪರೀಕ್ಷೆ ಮಾಡಿ ನೋಡ್ತಿದಾರೆ, ಒಂದು ಕಡೆ ಉಪಯೋಗ ಆಯ್ತು ಅಂತಾರೆ, ಇನ್ನೊಂದು ಕಡೆ ಇಲ್ಲ ಅಂತಾರೆ."

ಇನ್ಸ್‌ಪೆಕ್ಟರಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹುಡುಗಿಯ ಕೈ ಶುದ್ಧ. ಈಗಲೇ ಹೋಗಿ ಕರೆತರಬೇಕೆಂದು ಅವರು ಚೀಲಕ್ಕೆ ಕೈ ಹಾಕಿದರು. ಡಾಕ್ಟರ್ ಮಾತ್ರ ನಗುತ್ತಿರಲಿಲ್ಲ.

"ಒಂದು ತೊಡಕು ಇದೆ ಮೇಡಂ. ವೈರಸ್ ಪರೀಕ್ಷೆ ಮಾಡ್ಸಿದೀನಿ. ಇಲ್ಲ ಅಂತ ಬಂದಿದೆ. ಅದಕ್ಕೇ ವೈರಸ್ಸಿನ ಔಷಧಿ ಶುರು ಮಾಡ್ಲೇ ಇಲ್ಲ."

"ಅದೇ ರಕ್ತದಲ್ಲಿ ಮಾಡಿದ್ದಾ?"

"ಒಂದೇ ಸೂಜಿಯಲ್ಲಿ ಎರಡು ಟ್ಯೂಬ್ ತೆಗೆದ್ವಿ. ಒಂದು ಇಲ್ಲೇ ಕೆಳಗಿನ ಲ್ಯಾಬಿಗೆ. ಕೊಲೆಸ್ಟ್ರಾಲ್ ನೋಡಿದ್ದು ಅದರಲ್ಲಿ. ಇನ್ನೊಂದು ಊರಾಚೆಯ ದೊಡ್ಡ ಲ್ಯಾಬಿಗೆ. ಅಲ್ಲಿಗೆ ಐಸ್ ಪೆಟ್ಟಿಗೆಯಲ್ಲಿ ಮನೆಯವರೇ ಒಯ್ಯೋದು. ಇಲ್ಲಿಯ ಪದ್ಧತಿ ಅದು."

ಇನ್ಸ್‌ಪೆಕ್ಟರಮ್ಮ ಚೀಲವನ್ನು ಮತ್ತೆ ಕೆಳಗಿಟ್ಟರು.

"ಆ ಎರಡನೇ ಟ್ಯೂಬಿನಲ್ಲಿ ಮಿಕ್ಕ ರಕ್ತ ಇಟ್ಟಿರ್ತಾರಾ?"

"ಇಟ್ಟಿರ್ತಾರೆ."

"ತರಿಸಿ. ಅದರಲ್ಲೂ ಕೊಲೆಸ್ಟ್ರಾಲ್ ನೋಡಿ."

ಮಧ್ಯಾಹ್ನದ ಹೊತ್ತಿಗೆ ಟ್ಯೂಬು ಬಂತು. ಚಹಾ ಎರಡು ಸಲ ಆರಿತು. ಕೆಳಗಿನ ಲ್ಯಾಬಿನಿಂದ ಫಲಿತಾಂಶ ಹೊತ್ತು ತಂದ ಡಾಕ್ಟರ್ ಬಾಗಿಲು ಹಾಕಿಕೊಂಡ.

"ಚೆನ್ನಾಗಿದೆ," ಎಂದ. "ಸ್ವಲ್ಪ ಜಾಸ್ತೀನೇ ಇದೆ. ಗಟ್ಟಿಮುಟ್ಟಾಗಿ ಓಡಾಡ್ಕೊಂಡಿರೋರ ರಕ್ತ ಇದು. ಒಂದೇ ಗಳಿಗೆಯಲ್ಲಿ ಒಂದೇ ತೋಳಿಂದ ತೆಗೆದ ರಕ್ತ ಹೀಗೆ ಎರಡು ಮಾತು ಆಡಲ್ಲ. ಮಾಸ್ತರದಲ್ಲ ಇದು. ಯಾರದು ಅಂತ ತಿಳೀಲಿ ಅಂತ ರಕ್ತದ ಗುಂಪೂ ನೋಡೋಕೆ ಹೇಳಿದೀನಿ."

ಟ್ಯೂಬಿನ ಮೇಲೆ ಮಾಸ್ತರರ ಹೆಸರಿನ ಚೀಟಿಯೇ ಅಂಟಿತ್ತು. ಇನ್ಸ್‌ಪೆಕ್ಟರಮ್ಮ ಅದನ್ನು ಕಿಟಕಿಗೆ ಹಿಡಿದು ತಿರುಗಿಸಿದರು. ಕಾಗದ ಹಬೆ ಕುಡಿದು ಒಣಗಿದಂತೆ ಸಣ್ಣಗೆ ಸುಕ್ಕಾಗಿತ್ತು. ಒಂದು ಅಂಚು ಎಷ್ಟು ನಾಜೂಕಾಗಿ ಎದ್ದು ಕೂತಿತ್ತೆಂದರೆ ಒಂದು ಎಳೆಯೂ ಹರಿದಿರಲಿಲ್ಲ. ಇನ್ನೊಂದು ಅಂಚನ್ನು ಮಾತ್ರ ಯಾರೋ ಉಗುರಿನಿಂದ ಕೆರೆದಂತಿತ್ತು.

ಹಬೆ ಕೊಟ್ಟು ಚೀಟಿ ಬಿಡಿಸುವ ಕೈಗಳು ಊರಲ್ಲಿ ಎಷ್ಟಿರಬಹುದು? ಇಸ್ತ್ರಿಪೆಟ್ಟಿಗೆ ಇರುವ ಮನೆಯೊಂದರಿಂದ ಅವರು ಬೆಳಿಗ್ಗೆಯಷ್ಟೇ ಎದ್ದು ಬಂದಿದ್ದರು. ಮೊಣಕೈಯ ಕಂದು ಕಲೆ ಕಣ್ಣ ಮುಂದೆ ಬಂತು.

---

ಸೊಸೆ ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬಿಡದಿದ್ದರೂ ದಿನವೂ ಮಾವನ ಅಂಗಿಗೆ ಇಸ್ತ್ರಿ ಹಾಕಿ ತಂದು, ಯಾರ ಕೈಯಲ್ಲಾದರೂ ಮೇಲಕ್ಕೆ ಕಳಿಸಿ, ಕತ್ತಲಾಗುವವರೆಗೆ ಅಲ್ಲೇ ಇರುತ್ತಿದ್ದಳು. ಇವತ್ತಿನ ಅಂಗಿ ಮಡಿಲಲ್ಲಿತ್ತು.

ಇನ್ಸ್‌ಪೆಕ್ಟರಮ್ಮ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಠಾಣೆಯಲ್ಲಾಗಿದ್ದರೆ ಎದುರು ಕೂರುತ್ತಿದ್ದರು. ಇಲ್ಲಿ ಹಾಗೆ ಮನಸ್ಸಾಗಲಿಲ್ಲ.

"ಗುಬ್ಬಿ, ನಿನ್ನ ತೋಳಿನ ಕಲೆ ಯಾತರದ್ದು?"

"ಮೆಷಿನ್ನಿಗೆ ತಗುಲ್ತು."

"ಮೆಷಿನ್ ಮೊಣಕೈ ಒಳಗೆ ಹೇಗೆ ತಗುಲುತ್ತೆ ತಾಯಿ?"

ಸೊಸೆ ಅಂಗಿಯ ಕಾಲರನ್ನು ಮತ್ತೆ ಮತ್ತೆ ತೀಡಿದಳು.

"ನಿನ್ನನ್ನ ಹಿಡಿಯೋಕೆ ಬಂದಿಲ್ಲ ನಾನು," ಎಂದರು ಇನ್ಸ್‌ಪೆಕ್ಟರಮ್ಮ ಮೆಲ್ಲಗೆ. "ಆದ್ರೆ ಮೇಲೆ ಮಲಗಿರೋರಿಗೆ ತಪ್ಪು ಔಷಧಿ ಹೋಗ್ತಿದೆ. ಇನ್ನೂ ತಡ ಆದ್ರೆ ಲಿವರ್ ಕೈಗೆ ಸಿಗಲ್ಲ ಅಂತಾರೆ ಡಾಕ್ಟರು. ಆ ಟ್ಯೂಬಿನಲ್ಲಿ ಇದ್ದದ್ದು ನಿಮ್ಮ ಮಾವನ ರಕ್ತ ಅಲ್ಲ."

ಅವಳ ಬೆರಳು ನಿಂತವು.

"ಅಲ್ಲ," ಎಂದಳು. "ನನ್ನದು."

ಆಮೇಲೆ ಕಟ್ಟೆಯೊಡೆದಂತೆ ಬಂತು. "ಐಸ್ ತುಂಬೋಕೆ ಅಂತ ಪೆಟ್ಟಿಗೆಯನ್ನ ಮನೆಗೆ ತಂದಿದ್ದೆ. ದಾರಿಯಲ್ಲಿ ರಕ್ತ ಪರೀಕ್ಷೆ ಅಂಗಡಿಯಲ್ಲಿ ನನ್ನದನ್ನ ಅಂಥದೇ ಟ್ಯೂಬಿಗೆ ತೆಗೆಸ್ಕೊಂಡೆ. ಇಸ್ತ್ರಿ ಹಬೆ ಕೊಟ್ಟು ಚೀಟಿ ಬಿಡಿಸ್ದೆ. ಹೊಸ ಬಟ್ಟೆಯ ಚೀಟಿ ಬಿಡಿಸೋದನ್ನ ಮಾವನೇ ಕಲಿಸಿದ್ದು, ಉಗುರು ಮುಟ್ಟಿಸಬಾರದು ಅಂತ. ನನ್ನ ಟ್ಯೂಬಿಗೆ ಅಂಟಿಸಿ ನಮ್ಮನೆಯವರ ಅಕ್ಕನ ಕೈಗೆ ಕೊಟ್ಟೆ. ಲ್ಯಾಬಿಗೆ ಒಯ್ದದ್ದು ಅಕ್ಕ."

"ಯಾಕೆ?"

"ವೈರಸ್ ಇದೆ ಅಂತ ಬಂದ್ರೆ ಆ ಕೊನೇ ಕಟ್ಟಡಕ್ಕೆ ಹಾಕ್ತಾರೆ." ಅಂಗಳದಾಚೆಯ ಮುಚ್ಚಿದ ಕಿಟಕಿಗಳತ್ತ ಅವಳು ನೋಡಲೂ ಇಲ್ಲ. "ನಮ್ಮನೆಯವರನ್ನ ಅಲ್ಲಿಗೇ ಹಾಕಿದ್ರು. ಮಾವ, ಅಕ್ಕ, ನಾನು, ಮೂರೂ ಜನ ಗಾಜಿನಾಚೆ ನಿಂತಿದ್ವಿ. ಅವರು ಏನೋ ಹೇಳ್ತಾ ಇದ್ರು, ಕೇಳಿಸ್ತಿರಲಿಲ್ಲ. ಹಾಗೇ ಹೋಗ್ಬಿಟ್ರು. ಏನು ಹೇಳಿದ್ರು ಅಂತ ಇವತ್ತಿಗೂ ಗೊತ್ತಿಲ್ಲ ಮೇಡಂ."

ಇನ್ಸ್‌ಪೆಕ್ಟರಮ್ಮ ಆ ಕಿಟಕಿಗಳತ್ತ ನೋಡಿದರು.

"ಮಾವ ಒಂಟಿಯಾಗಿ ಹೋಗಬಾರದು ಅನ್ನೋದೊಂದೇ ಇತ್ತು ತಲೇಲಿ. ಔಷಧಿ ತಪ್ಪುತ್ತೆ ಅಂತ ಹೊಳೀಲಿಲ್ಲ. ಜ್ವರಕ್ಕೆಲ್ಲ ಒಂದೇ ಔಷಧಿ ಅಂದ್ಕೊಂಡಿದ್ದೆ. ಹತ್ತಿರ ಇರೋಣ ಅಂತ ಮಾಡಿದ್ದು, ಬಾಗಿಲಾಚೆ ಕೂರೋ ಹಾಗಾಯ್ತು." ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಅವರ ಟ್ಯೂಬು ನಮ್ಮ ಫ್ರಿಜ್ಜಿನಲ್ಲೇ ಇದೆ. ಮಾವನ ರಕ್ತ, ಚೆಲ್ಲೋಕೆ ಕೈ ಬರ್ಲಿಲ್ಲ."

ಬಯ್ಯಬೇಕೆಂದು ಬಾಯಿ ತೆರೆದ ಇನ್ಸ್‌ಪೆಕ್ಟರಮ್ಮ ಅವಳ ತಲೆಯನ್ನು ಎಳೆದು ಹೆಗಲಿಗೆ ಒರಗಿಸಿಕೊಂಡರು. ಇಡೀ ನೌಕರಿಯಲ್ಲಿ ಯಾವ ಆರೋಪಿಗೂ ಅವರು ಹಾಗೆ ಮಾಡಿದ್ದಿಲ್ಲ.

"ಏಳು," ಎಂದರು. "ಇದನ್ನೇ ಡಾಕ್ಟರ ಮುಂದೆ ಹೇಳು. ಒಂದಕ್ಷರ ಬಿಡಬೇಡ."

---

ಡಾಕ್ಟರ್ ಪೂರ್ತಿ ಕೇಳಿದ. ಕೋಪ ಬಂದಿತ್ತು, ನುಂಗಿಕೊಂಡ. ನರ್ಸನ್ನು ಕರೆದು ಮಾಸ್ತರರಿಂದ ಹೊಸದಾಗಿ ರಕ್ತ ತೆಗೆಯಲು ಹೇಳಿದ. ಫಲಿತಾಂಶಕ್ಕೆ ಕಾಯದೆ ವೈರಸ್ಸಿನ ಔಷಧಿ ಶುರು ಮಾಡಿಸಿದ. ಕೊನೆಯ ಕಟ್ಟಡದಲ್ಲಿ ಹಾಸಿಗೆ ಸಿದ್ಧವಾಗಲಿ ಎಂದ. ಆ ಮಾತಿಗೆ ಸೊಸೆ ಗೋಡೆ ಹಿಡಿದುಕೊಂಡಳು.

"ಹೆದರ್ಬೇಡಿ," ಎಂದ ಡಾಕ್ಟರ್. "ಆ ಕಾಲದ ಹಾಗಲ್ಲ ಈಗ. ನಿಲುವಂಗಿ, ಮಾಸ್ಕು ಹಾಕ್ಕೊಂಡು ಮನೆಯವರು ಒಬ್ಬರು ಪಕ್ಕದಲ್ಲೇ ಇರ್ಬಹುದು. ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ."

ಸೊಸೆ ಅವನನ್ನೇ ನೋಡಿದಳು. ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ.

"ನಾನು ಹೋಗ್ತೀನಿ," ಎಂದಿತು ಬಾಗಿಲಿನಿಂದ ಒಂದು ದನಿ. ಮಗಳು ಯಾವಾಗ ಬಂದು ನಿಂತಿದ್ದಳೋ ಯಾರಿಗೂ ಗೊತ್ತಾಗಿರಲಿಲ್ಲ. "ಹೆತ್ತ ಮಗಳು ನಾನಿದೀನಿ. ಇಷ್ಟೆಲ್ಲ ಮಾಡಿದ ಮೇಲೂ ಅವಳನ್ನ ಒಳಗೆ ಬಿಡ್ತೀರಾ?"

ಪಕ್ಕದ ವಾರ್ಡಿನಿಂದ ಸೋತ ದನಿಯೊಂದು ಕೇಳಿಸಿತು. ಮಾಸ್ತರು ಗುಬ್ಬಿಯನ್ನು ಕರೆಯುತ್ತಿದ್ದರು. ಮಗಳ ಮುಖ ನೋಡಿ ಇನ್ಸ್‌ಪೆಕ್ಟರಮ್ಮನಿಗೆ ಅಯ್ಯೋ ಅನ್ನಿಸಿತು.

"ಅಕ್ಕನೇ ಹೋಗ್ಲಿ," ಎಂದಳು ಸೊಸೆ. ಮಡಚಿದ ಅಂಗಿಯನ್ನು ಮುಂದೆ ಚಾಚಿದಳು. "ಯಾರಾದ್ರೂ ಒಬ್ಬರು ಹತ್ರ ಇದ್ರೆ ಸಾಕು. ಇದನ್ನ ಹಾಕಿ ಅಕ್ಕ, ಕಾಲರ್ ಮೆತ್ತಗೆ ಮಾಡಿದೀನಿ."

ಮಗಳು ಅಂಗಿ ತೆಗೆದುಕೊಂಡಳು.

"ಸರಿ," ಎಂದ ಡಾಕ್ಟರ್. "ಅಲ್ಲಿ ನಲ್ಲಿ ಇದೆ. ತೋಳು ಮೇಲಕ್ಕೆ ಮಡಚಿ, ಮೊಣಕೈ ದಾಟೋವರೆಗೆ ಸೋಪು ಹಚ್ಚಿ ತೊಳೀರಿ. ನಾನು ನೋಡ್ದೆ ಯಾರನ್ನೂ ಬಿಡಲ್ಲ."

ಮಗಳು ಹೋಗಿ ನಲ್ಲಿ ತಿರುಗಿಸಿದಳು. ಅದೇ ಹೊತ್ತಿಗೆ ಡಾಕ್ಟರ ಫೋನು ರಿಂಗಾಯಿತು. ಕೇಳಿಸಿಕೊಂಡವನು ಹುಬ್ಬು ಗಂಟಿಕ್ಕಿ ಸೊಸೆಯತ್ತ ತಿರುಗಿದ.

"ನಿಮ್ಮ ರಕ್ತದ ಗುಂಪು ಯಾವುದಮ್ಮ?"

"ಬಿ. ರಕ್ತದಾನ ಮಾಡಿದ್ದಾಗ ಕಾರ್ಡ್ ಕೊಟ್ಟಿದ್ರು."

"ಮಾಸ್ತರದು ಓ." ಫೋನನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. "ಟ್ಯೂಬಿನಲ್ಲಿರೋದು ಎ. ಅದು ನಿಮ್ಮ ರಕ್ತಾನೂ ಅಲ್ಲ."

"ನನ್ನದೇ," ಎಂದಳು ಸೊಸೆ ತಬ್ಬಿಬ್ಬಾಗಿ. "ನಾನೇ ಕೈಯಾರೆ ಅಂಟಿಸಿದ್ದು."

ಉಗುರಿನಿಂದ ಕೆರೆದ ಆ ಇನ್ನೊಂದು ಅಂಚು ಇನ್ಸ್‌ಪೆಕ್ಟರಮ್ಮನಿಗೆ ನೆನಪಾಯಿತು. ಈ ಹುಡುಗಿ ಉಗುರು ಮುಟ್ಟಿಸಿದವಳಲ್ಲ. ಅವಳ ಕೈಯಿಂದ ಪೆಟ್ಟಿಗೆ ಹೋದದ್ದು ಒಬ್ಬಳ ಕೈಗೆ ಮಾತ್ರ. ಗಾಜಿನಾಚೆ ನಿಂತು ತಮ್ಮನ ತುಟಿಗಳನ್ನಷ್ಟೇ ನೋಡಿದವಳು ಅವಳೂ ಹೌದು.

ಅವರು ನಲ್ಲಿಯ ಕಡೆ ತಿರುಗಿದರು.

ನೀರು ಧಾರೆಯಾಗಿ ಸುರಿಯುತ್ತಿತ್ತು. ಒಳಗೆ ಹೋಗಲು ಅಷ್ಟು ಜಗಳವಾಡಿದವಳು, ಅಪ್ಪನ ಅಂಗಿಯನ್ನು ಎದೆಗೆ ಅವಚಿಕೊಂಡು, ಮಣಿಕಟ್ಟಿನ ಗುಂಡಿಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದಳು. ತೋಳನ್ನು ಮಡಚಲಿಲ್ಲ.